ಹಾರುವ ತಟ್ಟೆ ಇಳಿಯಲು ಬೆಂಗಳೂರೇ ಬೇಕೇ?

ಬೆಳಗಾವಿಗೆ ಹಬ್ಬಗಳ ಬರವಿಲ್ಲ. ಗಣೇಶ ಕೂತನೆಂದರೆ ವಿಸರ್ಜನೆಯ ತನಕ ಊರಿಗೆ ಊರೇ ನಿದ್ದೆಗೆಡುತ್ತದೆ. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಕಿತ್ತೂರು ಉತ್ಸವ ಇದೆ, ಸಂಗೊಳ್ಳಿ ಉತ್ಸವ ಇದೆ, ಗಾಳಿಪಟದ ಉತ್ಸವವೂ ಇದೆ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನವನ್ನು ಹಬ್ಬದ ಲೆಕ್ಕಕ್ಕೆ ಸೇರಿಸಬಾರದು ಎನ್ನುವವರು ಆ ದಿನಗಳಲ್ಲಿ ಇಲ್ಲಿಯ ಲಾಡ್ಜುಗಳ ಬಾಗಿಲು ತಟ್ಟಿ ನೋಡಬೇಕು. ಇಂಥ ಊರಿನಲ್ಲಿ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳಿಗೆಂದೇ ಎರಡು ದಿನದ ಹಬ್ಬವೊಂದು ಯಾಕಾಗಬಾರದು ಎಂದು ಯಾರಾದರೂ ಕೇಳಿದರೆ ಮಾತ್ರ ಕೂತವರ ಉತ್ಸಾಹ ತಣ್ಣಗಾಗುತ್ತದೆ. ಊರಿನ ಅಂಚಿಗೆ ನಗರಾಭಿವೃದ್ಧಿ ಪ್ರಾಧಿಕಾರ (ಬುಡಾ) ಕಟ್ಟಿದ ರಾಮತೀರ್ಥ ನಗರದಂಥ ಬಡಾವಣೆಯ ಸಂಜೆ ಹರಟೆಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಒಂದೇ ಧಾಟಿಯದು: "ಅದೆಲ್ಲಾ ಬೆಂಗ್ಳೂರಾಗ ನಡೀತದ ರೀ. ಇಲ್ಲಿ ಯಾರ ಬರ್ತಾರ?"

ಹೀಗೆ ಹೇಳುವವರು ದಡ್ಡರಲ್ಲ. ಓದಿದವರು, ಕಲಿಸಿದವರು, ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮಗಳಿಗೆ ತಪ್ಪದೆ ಬರುವವರು. ಅವರ ವಾದವನ್ನು ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕೈದು ಮಾತುಗಳು ಸಿಕ್ಕುಹಾಕಿಕೊಂಡಿವೆ. ವಿಜ್ಞಾನ ಕಥೆ ಇಂಗ್ಲಿಷಿನಿಂದ ಬಂದ ಸರಕು, ಕನ್ನಡದಲ್ಲಿ ಅದಕ್ಕೆ ಬೇರಿಲ್ಲ. ಅದ್ಭುತ ಕಥೆ ಎಂದರೆ ಅಜ್ಜಿ ಕಥೆ, ಅದು ಮಕ್ಕಳ ಪಾಲು. ನಮ್ಮ ಪುರಾಣಗಳಲ್ಲೇ ಎಲ್ಲ ಇರುವಾಗ ಹೊಸದಾಗಿ ಕಟ್ಟುವುದೇನಿದೆ? ಮೇಲಾಗಿ ಇದು ಮೂಢನಂಬಿಕೆಗೆ ನೀರೆರೆಯುವ ಕೆಲಸ. ಇಷ್ಟೆಲ್ಲ ಹೇಳಿದ ಮೇಲೂ ಬೇಕೆನಿಸಿದರೆ ಐಟಿ ಹುಡುಗರಿರುವ ಬೆಂಗಳೂರು ಇದೆ, 2012ರಿಂದ ಅಲ್ಲಿ ಕಾಮಿಕ್ ಕಾನ್ ನಡೆಯುತ್ತಿದೆ, ಬಸ್ಸು ಹತ್ತಿ ಹೋಗಲಿ. ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವ ಬಾಯಿಯೇ ನಮ್ಮಲ್ಲಿ ಮೊದಲೇ ಎಲ್ಲ ಇತ್ತು ಎಂದೂ ಹೇಳುತ್ತದೆ. ಒಂದರ ಕಾಲನ್ನು ಇನ್ನೊಂದು ಎಳೆಯುವ ಈ ಮಾತುಗಳು ಜಗಳವಾಡದೆ ಒಂದೇ ತಲೆಯಲ್ಲಿ ಬಾಳುತ್ತಿರುವುದು ಸಾಕಷ್ಟು ಅದ್ಭುತವೇ.

ಕನ್ನಡದಲ್ಲಿ ಇಲ್ಲ ಎಂಬ ಮಾತಿಗೆ ಉತ್ತರ ಕೊಡಲು ದೂರ ಹೋಗಬೇಕಿಲ್ಲ. ಉತ್ತರ ಕರ್ನಾಟಕದವರೇ ಆದ ರಾಜಶೇಖರ ಭೂಸನೂರಮಠರು 'ಆಪರೇಶನ್ ಯು.ಎಫ್.ಓ.', 'ಮನ್ವಂತರಗಳು' ಬರೆದು ಈ ಪ್ರಕಾರಕ್ಕಾಗಿ ದುಡಿದರು. ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ 'ಮಹಾಸಂಪರ್ಕ'ದಲ್ಲಿ ಮಹಾಭಾರತವನ್ನೇ ಅನ್ಯಗ್ರಹದವರ ನಂಟಿನ ಕಥೆಯಾಗಿ ಕಟ್ಟಿದರು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಇತಿಹಾಸ ಮತ್ತು ವಿಜ್ಞಾನವನ್ನು ಹೊಸೆದು ಬರೆದ ರೋಚಕ ಕಥೆಗಳಿಗೆ ಓದುಗರು ವಾರಪತ್ರಿಕೆಯ ಮುಂದಿನ ಸಂಚಿಕೆ ಕಾದರು. ಇವರನ್ನೆಲ್ಲ ಸಾಹಿತ್ಯ ಚರಿತ್ರೆ ಬರೆಯುವವರು 'ಜನಪ್ರಿಯ' ಎಂಬ ಕೋಣೆಗೆ ಕಳಿಸಿ ಚಿಲಕ ಹಾಕಿಕೊಂಡರು. ಕೋಣೆಗೆ ಚಿಲಕ ಹಾಕಿದವರೇ ಈಗ ಮನೆಯಲ್ಲಿ ಯಾರೂ ಇಲ್ಲ ಎನ್ನುತ್ತಿದ್ದಾರೆ.

ಆ ಕೋಣೆಗೆ ಕಳಿಸಲಾಗದ ಲೇಖಕ ಒಬ್ಬರಿದ್ದರು, ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ 'ಕರ್ವಾಲೊ'ದಲ್ಲಿ ಏನಿದೆ? ಒಬ್ಬ ವಿಜ್ಞಾನಿ ಇದ್ದಾನೆ. ಕೋಟ್ಯಂತರ ವರ್ಷಗಳ ಹಿಂದೆ ಅಳಿದಿರಬೇಕಾಗಿದ್ದ ಒಂದು ಜೀವಿ, ಹಾರುವ ಓತಿ, ಇನ್ನೂ ಮಲೆನಾಡಿನ ಕಾಡಿನಲ್ಲಿದೆ ಎಂಬ ಗುಮಾನಿ ಇದೆ. ಅದನ್ನು ಹುಡುಕಿ ಹೊರಟ ತಂಡವಿದೆ. ಇದೇ ಹಂದರದ ಕಥೆ ಇಂಗ್ಲಿಷಿನಲ್ಲಿ ಬಂದಿದ್ದರೆ ಅಂಗಡಿಯವನು ಯೋಚಿಸದೆ ವಿಜ್ಞಾನ ಕಥೆಗಳ ಸಾಲಿನಲ್ಲಿ ಇಡುತ್ತಿದ್ದ. ಕನ್ನಡದ ತರಗತಿಗಳಲ್ಲಿ ಅದು ಪರಿಸರ ಪ್ರಜ್ಞೆಯ ಕಾದಂಬರಿ, ನವ್ಯದಿಂದ ಹೊರಬಂದ ಕಾದಂಬರಿ, ಅಸ್ತಿತ್ವದ ಹುಡುಕಾಟ, ಹೀಗೆ ಏನೇನೋ ಆಯಿತು. ವಿಜ್ಞಾನ ಕಥೆ ಎಂದರೆ ಅದರ ಮರ್ಯಾದೆ ಕಡಿಮೆಯಾಗುತ್ತದೆ ಎಂಬ ಅಳುಕು ಇದರ ಹಿಂದಿದೆ. ತೇಜಸ್ವಿಯವರಿಗೆ ಆ ಅಳುಕು ಇರಲಿಲ್ಲ. ಹಾರುವ ಓತಿಯನ್ನು ಮೊದಲು ಕಂಡವನು ಪಟ್ಟಣದ ಪದವೀಧರನಲ್ಲ, ಜೇನು ಹಿಡಿಯುವ ಮಂದಣ್ಣ. ವಿಜ್ಞಾನಿ ಕರ್ವಾಲೊ ಅವನ ಕಣ್ಣನ್ನು ನಂಬುತ್ತಾರೆ, ಅವನನ್ನು ಸಹಜ ವಿಜ್ಞಾನಿಯಂತೆ ನಡೆಸಿಕೊಳ್ಳುತ್ತಾರೆ, ಅದನ್ನು ಕಂಡು ಊರಿನವರಿಗೆ ಸೋಜಿಗವಾಗುತ್ತದೆ. ಸಣ್ಣ ಊರಿನಲ್ಲಿ ಇಂಥದ್ದಕ್ಕೆ ಯಾರಿದ್ದಾರೆ ಎಂಬ ಪ್ರಶ್ನೆಗೆ ನಲವತ್ತು ವರ್ಷಗಳ ಹಿಂದೆಯೇ ಮೂಡಿಗೆರೆಯಿಂದ ಉತ್ತರ ಬಂದಾಗಿದೆ.

ಬಂಗಾಳದಿಂದ ಅದಕ್ಕೂ ಮೊದಲೇ ಬಂದಿತ್ತು. ಸತ್ಯಜಿತ್ ರಾಯ್ 1961ರಲ್ಲಿ 'ಸಂದೇಶ್' ಪತ್ರಿಕೆಗಾಗಿ ಪ್ರೊಫೆಸರ್ ಶೊಂಕುವನ್ನು ಸೃಷ್ಟಿಸಿದಾಗ ಅವನನ್ನು ಕೋಲ್ಕತ್ತೆಯಲ್ಲಿ ಕೂರಿಸಲಿಲ್ಲ. ಶೊಂಕುವಿನ ಮನೆ, ಪ್ರಯೋಗಶಾಲೆ ಎಲ್ಲ ಇರುವುದು ಈಗ ಝಾರ್ಖಂಡಿನಲ್ಲಿರುವ ಗಿರಿಡೀಹ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಂದಲೇ ಅವನು ಮನೆಯಾಳು ಪ್ರಹ್ಲಾದ, ಬೆಕ್ಕು ನ್ಯೂಟನ್ ಮತ್ತು ಕೈಯಾರೆ ಕಟ್ಟಿದ ರೋಬೋಟನ್ನು ಕಟ್ಟಿಕೊಂಡು ಮಂಗಳ ಗ್ರಹಕ್ಕೆ ಹೊರಡುತ್ತಾನೆ. ಮರುವರ್ಷ ರಾಯ್ ಬರೆದ ಇನ್ನೊಂದು ಕಥೆಯಲ್ಲಿ ಆಕಾಶ ನೌಕೆ ಇಳಿಯುವುದು ಹಳ್ಳಿಯೊಂದರ ಬಿದಿರು ಮೆಳೆಯಲ್ಲಿ. ಅದರೊಳಗಿಂದ ಬಂದವನು ಮಾತಾಡಿಸುವುದು ಗೆಳೆಯರೆಲ್ಲ ದಿನಾ ಗೇಲಿ ಮಾಡುವ ಬಂಕುಬಾಬು ಎಂಬ ಶಾಲಾ ಮಾಸ್ತರನನ್ನು. ಇನ್ನೂ ಹಿಂದೆ ಹೋದರೆ 1905ರಲ್ಲಿ, ಬಿಹಾರದ ಭಾಗಲ್ಪುರದ ಕಡೆ ಸಂಸಾರ ಮಾಡಿಕೊಂಡಿದ್ದ ರೊಕೆಯಾ ಸಖಾವತ್ ಹುಸೇನ್ ಸಿಗುತ್ತಾರೆ. ಹೆಂಗಸರೇ ವಿಜ್ಞಾನಿಗಳಾಗಿ ಸೂರ್ಯನ ಶಾಖದಿಂದ ದೇಶ ನಡೆಸುವ, ಗಂಡಸರು ಮರ್ದಾನಾದೊಳಗೆ ಕೂತು ಅಡಿಗೆ ಮಾಡುವ ನಾಡೊಂದನ್ನು ಕಲ್ಪಿಸಿ 'ಸುಲ್ತಾನಾಸ್ ಡ್ರೀಮ್' ಬರೆದವರು ಅವರು. ಮದ್ರಾಸಿನ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ದೇಶದ ಅತಿ ದಿಟ್ಟ ವಿಜ್ಞಾನ ಕಥೆಗಳಲ್ಲಿ ಒಂದು ಹುಟ್ಟಿದ್ದು ಪರದೆಯೊಳಗಿನ ಮನೆಯಲ್ಲಿ, ರಾಜಧಾನಿಯಿಂದ ದೂರ.

ಅಜ್ಜಿ ಕಥೆ ಎಂಬ ತಿರಸ್ಕಾರವನ್ನು ಬೇರೆ ಊರಿನವರು ಆಡಿದರೆ ತಡೆದುಕೊಳ್ಳಬಹುದು, ಬೆಳಗಾವಿಯವರ ಬಾಯಲ್ಲಿ ಅದು ಶೋಭಿಸುವುದಿಲ್ಲ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಇದೇ ಊರಿನ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಜನಪದ ಕಥೆಗಳನ್ನು ಕೇಳುವ, ಕೂಡಿಡುವ ಹುಚ್ಚು ಅವರಿಗೆ ಆಗಲೇ ಹತ್ತಿತ್ತು. ಅವರು ಕರ್ನಾಟಕದಲ್ಲಿ ಕೂಡಿಟ್ಟ ಕಥೆಗಳಲ್ಲಿ ಒಂದು, ಹೂವಿನ ಗಿಡವಾಗಿ ಮತ್ತೆ ಹೆಣ್ಣಾಗುವ ಹುಡುಗಿಯದು. ಬಿಂದಿಗೆ ನೀರು, ಕೊಂಬೆ ಮುರಿಯದ ಹಾಗೆ ಹೂ ಬಿಡಿಸುವ ಎಚ್ಚರ, ಎಚ್ಚರ ತಪ್ಪಿದಾಗ ಅರ್ಧ ಮರವಾಗಿ ಉಳಿದ ದೇಹ. ಗಿರೀಶ ಕಾರ್ನಾಡರು ಅದನ್ನು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದನ್ನೇ ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. 'ನಾಗಮಂಡಲ'ದ ಕಥೆಯೂ ಕಾರ್ನಾಡರಿಗೆ ರಾಮಾನುಜನ್ ಬಾಯಿಂದಲೇ ಸಿಕ್ಕಿದ್ದು. ಅಡಿಗೆ ಮನೆಯ ಅಜ್ಜಿ ಹೇಳಿದ ಕಥೆಗೆ ವಿಯೆನ್ನಾದ ದೊಡ್ಡವರು ಟಿಕೆಟ್ ಕೊಂಡು ಕೂತರು. ಆ ಕಥೆಯನ್ನು ಹೊತ್ತು ತಿರುಗಿದವರು ಪಾಠ ಹೇಳಿದ ಊರಿನಲ್ಲಿ ಅದಕ್ಕೊಂದು ಸಂಜೆ ಮೀಸಲಿಡಲು ಸಂಕೋಚ!

ಬೆಳಗಾವಿ ಜಿಲ್ಲೆಯೇ ಕನ್ನಡಕ್ಕೆ ಕೊಟ್ಟ ಕಲ್ಪಿತ ಲೋಕ ಒಂದಿದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಕಾವ್ಯ, ನಾಟಕ, ಕಾದಂಬರಿಗಳ ಉದ್ದಕ್ಕೂ ಕಟ್ಟಿದ ಶಿವಾಪುರ ಭೂಪಟದಲ್ಲಿ ಸಿಗುವ ಊರಲ್ಲ. ಅದಕ್ಕೆ ಅದರದೇ ದೇವತೆಗಳು, ಅದರದೇ ವಂಶಾವಳಿ, ಅದರದೇ ಮದ್ದು, ಅದರದೇ ಶಾಪಗಳಿವೆ. ಇಂಗ್ಲಿಷಿನ ಓದುಗರು ಟೋಲ್ಕಿನ್‌ನ ನಕಾಶೆಗಳನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಶಿವಾಪುರದ ನಕಾಶೆಯನ್ನು ಬರೆದು ಘೋಡಗೇರಿಯ ಶಾಲೆಯ ಗೋಡೆಗೆ ಅಂಟಿಸಲು ಜಾನಪದ, ಮಾಂತ್ರಿಕ ವಾಸ್ತವ ಎಂಬ ಭಾರದ ಹಣೆಪಟ್ಟಿಗಳು ಬೇಕಾಗಿಲ್ಲ, ಬಣ್ಣದ ಪೆನ್ಸಿಲು ಸಾಕು. ಕಂಬಾರರಿಗೆ ಜ್ಞಾನಪೀಠ ಬಂದಾಗ ಸನ್ಮಾನ ಮಾಡಿದ ಕೈಗಳು ಆ ಲೋಕದೊಳಗೆ ಹುಡುಗರನ್ನು ಕರೆದೊಯ್ಯುವ ಕೆಲಸವನ್ನು ಮರೆತವು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನೂ ನೆನೆಯಬೇಕು. ಸ್ವರ್ಗದಿಂದ ತಂದ ಒಂದು ಹೂವಿನ ಸಲುವಾಗಿ ಸವತಿಯರು ರಾತ್ರಿಯಿಡೀ ಜಗಳವಾಡುವುದನ್ನು ಗೋಕಾಕದ ಸೀಮೆಯ ರೈತರು ಎಷ್ಟೋ ತಲೆಮಾರುಗಳಿಂದ ನೋಡಿದ್ದಾರೆ. ಬೇರೆ ಲೋಕದಿಂದ ಬಂದ ವಸ್ತುವೊಂದು ಮನೆಯನ್ನು ಹೇಗೆ ಅಲ್ಲಾಡಿಸುತ್ತದೆ ಎಂಬುದನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಖಾನಾಪುರ ತಾಲ್ಲೂಕಿಗಂತೂ ಅದ್ಭುತವನ್ನು ಕಲ್ಪಿಸಿಕೊಳ್ಳುವ ಕಷ್ಟವೂ ಇಲ್ಲ. ತಳೇವಾಡಿಯ ಕಡೆಯ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಎಂದು ಕರೆಯುವ ದೊಡ್ಡ ಕಿವಿಯ ಬಾವಲಿ ಇದೆ. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಜೀವಿಯೆಂದು ವರ್ಣಿಸಿದ. ಆಮೇಲೆ ದಶಕಗಟ್ಟಲೆ ಇಡೀ ಜಗತ್ತಿನಲ್ಲಿ ಈ ಬಾವಲಿಯ ಗೊತ್ತಿದ್ದ ವಿಳಾಸ ಈ ಒಂದು ಗುಹೆ ಮಾತ್ರ. ಬಹಳ ತಡವಾಗಿ ಮೇಘಾಲಯ, ಕಾಂಬೋಡಿಯಾಗಳಲ್ಲಿ ಅದರ ಸುಳಿವು ಸಿಕ್ಕಿತು. 2011ರಲ್ಲಿ ಸುತ್ತಲಿನ ಕಾಡು ಭೀಮಗಡ ವನ್ಯಜೀವಿ ಧಾಮವಾಯಿತು. 'ಕರ್ವಾಲೊ' ಬರೆಯುವುದಕ್ಕೆ ಬೇಕಾದ ಸರಂಜಾಮೆಲ್ಲ ಖಾನಾಪುರದ ಬೆನ್ನಿಗೇ ಬಿದ್ದಿದೆ. ಬರೆಯುವ ಹುಡುಗಿಯೋ ಹುಡುಗನೋ ಅಲ್ಲಿಯ ಯಾವುದೋ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂತಿರಬಹುದು. "ಇಂಥದ್ದನ್ನೂ ಬರೀಬಹುದು" ಎಂದು ಅವರಿಗೆ ಹೇಳುವವರು ಬೇಕು. ಬೆಂಗಳೂರಿನ ಕಾಮಿಕ್ ಕಾನ್ ಆ ಮಾತನ್ನು ಖಾನಾಪುರದ ತನಕ ತಲುಪಿಸುವುದಿಲ್ಲ, ಅದು ಅದರ ಕೆಲಸವೂ ಅಲ್ಲ.

ಗಡಿಯ ಆಚೆ ಏನಾಯಿತೆಂದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಬೆಳಗಾವಿಯಿಂದ ಎರಡು ಮೂರು ತಾಸಿನ ದಾರಿಯ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದವರು ಜಯಂತ ನಾರಳೀಕರ್. ಕೇಂಬ್ರಿಜ್‌ನಲ್ಲಿ ಫ್ರೆಡ್ ಹೊಯ್ಲ್ ಜೊತೆ ಕೆಲಸ ಮಾಡಿ ಹೆಸರಾದ ಖಗೋಳ ವಿಜ್ಞಾನಿ. ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ನಡೆಸಿದ ವಿಜ್ಞಾನ ಕಥಾ ಸ್ಪರ್ಧೆಗೆ ಅವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ ಕಪ್ಪು ಕುಳಿಯ ಕಥೆಯೊಂದನ್ನು ಕಳಿಸಿದರು. ಬಹುಮಾನ ಬಂತು, ಗುಟ್ಟು ರಟ್ಟಾಯಿತು, ಮರಾಠಿಗೆ ಒಬ್ಬ ಕಥೆಗಾರ ಸಿಕ್ಕ. 2021ರ ನಾಸಿಕ್ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರಾಗಿ ಆರಿಸಿದರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ವಿಜ್ಞಾನಿಗೂ ಕಥೆಗಾರನಿಗೂ ಒಟ್ಟಿಗೇ ಶ್ರದ್ಧಾಂಜಲಿ ಬರೆದವು. ಒಂದು ಸ್ಪರ್ಧೆ, ಒಂದು ಕಮಿಟಿ, ಅಂಚೆಯಲ್ಲಿ ಬಂದ ಕಥೆಗಳನ್ನು ಗಂಭೀರವಾಗಿ ಓದಿದ ನಾಲ್ಕು ಜನ ತೀರ್ಪುಗಾರರು, ಇಷ್ಟರಿಂದ ಆದ ಕೆಲಸ ಅದು. ಕನ್ನಡದಲ್ಲಿ ತೇಜಸ್ವಿ ಸಮ್ಮೇಳನದ ಪೀಠ ಏರಲಿಲ್ಲ. (ಏರುವ ಆಸೆ ಅವರಿಗಿದ್ದಂತೆಯೂ ಕಾಣದು, ಅದು ಬೇರೆ ಮಾತು.) ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ಓದುತ್ತಾರೆ. ಭಾಷೆಯ ಹೆಸರಿನಲ್ಲಿ ಕಲ್ಲು ತೂರಿದ ಬೀದಿಗಳಲ್ಲಿ ನಾರಳೀಕರರನ್ನೂ ಭೂಸನೂರಮಠರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಮಾರುವ ಎರಡು ದಿನ ಯಾರಿಗೆ ನಷ್ಟ?

ಇನ್ನು ಪುರಾಣದ ವಾದ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವ ವಾದ ಇದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದೂ ಇದೇ. ಪುಷ್ಪಕ ವಿಮಾನ ಇತ್ತು, ಹಾಗಾಗಿ ನಮಗೆ ಆಕಾಶ ನೌಕೆಯ ಕಥೆ ಬೇಡ ಎನ್ನುವವರು ಕರ್ನಾಟಕದಲ್ಲೇ ನಡೆದ ಒಂದು ಸಂಗತಿಯನ್ನು ತಿಳಿಯಬೇಕು. 1918ರಿಂದ 1923ರ ನಡುವೆ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಸಂಸ್ಕೃತ ಶ್ಲೋಕಗಳನ್ನು ಹೇಳಿ ಬರೆಸಿದರು. ಭರದ್ವಾಜ ಮಹರ್ಷಿ ರಚಿಸಿದ ವೈಮಾನಿಕ ಶಾಸ್ತ್ರ ತಮಗೆ ಒಳಗಣ್ಣಿಗೆ ಕಂಡದ್ದೆಂದರು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಿವೆ. ಬಗೆಬಗೆಯ ಲೋಹಗಳಿವೆ, ಕನ್ನಡಿಗಳಿವೆ, ವಿಮಾನ ನಡೆಸುವವರು ಏನು ಉಣ್ಣಬೇಕು, ಏನು ಉಡಬೇಕು ಎಂಬುದೂ ಇದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕಾಶೆಗಾರರೊಬ್ಬರು ಚಿತ್ರ ಬಿಡಿಸಿಕೊಟ್ಟರು. 1973ರಲ್ಲಿ ಮೈಸೂರಿನ ಜಿ.ಆರ್. ಜೋಸಯರ್ ಇಂಗ್ಲಿಷಿನೊಂದಿಗೆ ಅಚ್ಚು ಹಾಕಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಪುಸ್ತಕವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಅದರ ಯಾವ ವಿಮಾನವೂ ಹಾರಲಾರದು, ಅದರ ಭಾಷೆ ಪ್ರಾಚೀನದ್ದಲ್ಲ, ಪಠ್ಯ ಇಪ್ಪತ್ತನೆಯ ಶತಮಾನಕ್ಕಿಂತ ಹಳೆಯದಲ್ಲ ಎಂದು ತೋರಿಸಿದರು. ಅಷ್ಟಾದ ಮೇಲೂ 2015ರ ಮುಂಬಯಿ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ವಿಮಾನಗಳು ಮತ್ತೆ ಮೇಲೆದ್ದವು, ದೇಶ ನಗೆಪಾಟಲಾಯಿತು.

ಇದನ್ನು ಹೇಳಿ ನಕ್ಕು ಸುಮ್ಮನಾಗುವುದು ವಿಚಾರವಾದಿಗಳ ರೂಢಿ. ಆದರೆ ಆ ಪುಸ್ತಕದ ಇನ್ನೊಂದು ಮಗ್ಗಲಿದೆ. ಸುಬ್ಬರಾಯ ಶಾಸ್ತ್ರಿಗಳು ಆ ಶ್ಲೋಕಗಳನ್ನು ಹೇಳುತ್ತಿದ್ದ ಹೊತ್ತಿಗೇ ಪ್ರಾಗ್ ನಗರದಲ್ಲಿ ಕರೆಲ್ ಚಾಪೆಕ್ ಕೂತು ಯಂತ್ರಮಾನವರ ನಾಟಕ ಬರೆದಿದ್ದ. ರೋಬೋಟ್ ಎಂಬ ಹೆಸರು ಜಗತ್ತಿಗೆ ಸಿಕ್ಕಿದ್ದು 1920ರ ಆ ನಾಟಕದಿಂದ. ಚಾಪೆಕ್‌ಗೆ ರಂಗಭೂಮಿ ಇತ್ತು, ಇದು ಕಟ್ಟುಕಥೆ ಎಂದು ಗೊತ್ತಿದ್ದೇ ಟಿಕೆಟ್ ಕೊಳ್ಳುವ ಪ್ರೇಕ್ಷಕರಿದ್ದರು. ಆನೇಕಲ್ಲಿನ ಬಡ ಪಂಡಿತರಿಗೆ ಅಂಥದ್ದೇನೂ ಇರಲಿಲ್ಲ. ಅವರ ತಲೆಯೊಳಗಿನ ವಿಮಾನಗಳಿಗೆ ಇಳಿಯಲು ಇದ್ದ ಒಂದೇ ನೆಲ ಶಾಸ್ತ್ರ. ಋಷಿಯ ಹೆಸರು ಹಚ್ಚದೆ ಅವು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರು ಮನಸಾರೆ ನಂಬಿಯೇ ಹೇಳಿರಬಹುದು, ಅದು ಇಲ್ಲಿ ಮುಖ್ಯವಲ್ಲ. ಶ್ಲೋಕಗಳನ್ನು ಎಂಜಿನಿಯರಿಂಗಿನ ಪಠ್ಯವೆಂದು ಓದಿದರೆ ಸೊನ್ನೆ. ಕಲ್ಪನೆಯ ಕೃತಿಯೆಂದು ಓದಿದರೆ, ವಿಮಾನವನ್ನು ಕಣ್ಣಾರೆ ಕಂಡವರೇ ವಿರಳವಾಗಿದ್ದ ನಾಡಿನಲ್ಲಿ ಒಬ್ಬ ಸಂಸ್ಕೃತ ಪಂಡಿತ ಆಕಾಶಯಾನದ ಊಟ, ಬಟ್ಟೆ, ಲೋಹಗಳ ತನಕ ವಿವರವಾಗಿ ಕಂಡ ಕನಸು ಅದು, ನಮ್ಮ ಮೊದಲ ದಿನಗಳ ವಿಜ್ಞಾನ ಕಥೆಗಳಲ್ಲಿ ಒಂದು. ಕಥೆಗೆ ಕಥೆಯ ಗೌರವ ಕೊಡುವ ಜಾಗ ಇಲ್ಲದ ಸಮಾಜದಲ್ಲಿ ಒಳ್ಳೆಯ ಕಥೆ ಕೆಟ್ಟ ಇತಿಹಾಸವಾಗಿ ವೇಷ ಹಾಕಿಕೊಂಡು ತಿರುಗುತ್ತದೆ. ಪುರಾಣದಲ್ಲಿ ಎಲ್ಲ ಇತ್ತು ಎನ್ನುವವರು ಪುರಾಣಕ್ಕೂ ಉಪಕಾರ ಮಾಡುತ್ತಿಲ್ಲ. ಕವಿಯ ಕಲ್ಪನೆಯನ್ನು ಕಿತ್ತುಕೊಂಡು ಅವನ ಕೈಗೆ ಪೇಟೆಂಟಿನ ಅರ್ಜಿ ಕೊಡುತ್ತಿದ್ದಾರೆ.

ಎದುರಿನ ದಡದಿಂದಲೂ ಒಂದು ತಕರಾರು ಬರುತ್ತದೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದ ಮನೆಬಾಗಿಲಲ್ಲೇ ಕೊಂದ ನಾಡಿದು. 2017ರಲ್ಲಿ ಮಾಟ, ಅಮಾನುಷ ಆಚರಣೆಗಳ ವಿರುದ್ಧ ಕಾನೂನು ತರಬೇಕಾಗಿ ಬಂದ ನಾಡು. ಇಲ್ಲಿ ದೆವ್ವ, ಮಂತ್ರವಾದಿ, ರೂಪ ಬದಲಿಸುವ ಹಾವುಗಳಿಗೆ ಹಬ್ಬ ಮಾಡುವುದೇ ಎಂದು ಕೇಳುವವರ ಕಳಕಳಿ ಪ್ರಾಮಾಣಿಕವಾದದ್ದು, ಆದರೆ ಗುರಿ ತಪ್ಪಿದೆ. ಬೆಳಗಾವಿಯ ಸದಾಶಿವನಗರದ ಸ್ಮಶಾನವನ್ನೇ ನೋಡಬಹುದು. 2014ರಿಂದ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣ ದಿನ, ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಅಲ್ಲಿ ಮೌಢ್ಯ ವಿರೋಧಿ ಕಾರ್ಯಕ್ರಮ ನಡೆಸುತ್ತ ಬಂದಿದೆ. ಸಾವಿರಾರು ಜನ ಸ್ಮಶಾನದಲ್ಲೇ ಊಟ ಮಾಡಿದ್ದಾರೆ, ಜಾರಕಿಹೊಳಿ ಅಲ್ಲೇ ರಾತ್ರಿ ಕಳೆದಿದ್ದಾರೆ. ದೆವ್ವಕ್ಕೆ ನಿಜವಾಗಿ ಹೆದರುವವನು ದೆವ್ವದ ಕಥೆಯನ್ನು ಸವಿಯಲಾರ. ಸ್ಮಶಾನದಲ್ಲಿ ಮಂಡಕ್ಕಿ ತಿಂದು ಬಂದವನಿಗೆ ಅದು ಸಾಧ್ಯ. ಕಟ್ಟುಕಥೆಯ ಕರಾರು ಹಾಗಿರುತ್ತದೆ: ಹೇಳುವವನಿಗೂ ಕೇಳುವವನಿಗೂ ಇದು ಸುಳ್ಳೆಂದು ಗೊತ್ತಿರಬೇಕು. ಮೋಸಗಾರ ಬಾಬಾ ಮುರಿಯುವುದು ಅದೇ ಕರಾರನ್ನು. ಕರಾರು ರೂಢಿಯಾದ ಜನರ ಮುಂದೆ ಬಾಬಾನ ಅಂಗಡಿ ನಡೆಯುವುದು ಕಷ್ಟ.

ಉಳಿದದ್ದು "ಯಾರ ಬರ್ತಾರ?" ಎಂಬುದು. ಇದಕ್ಕೆ ಬೇಸರದಿಂದಲೇ ಉತ್ತರಿಸಬೇಕು, ಏಕೆಂದರೆ ಕನ್ನಡದ ಓದುಗರ ಬಗ್ಗೆ ಇದಕ್ಕಿಂತ ಅವಹೇಳನದ ಮಾತಿಲ್ಲ. ನಾಲ್ಕನೆಯ ಇಯತ್ತೆಯಷ್ಟೇ ಓದಿದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ನೂರಾರು ಬಂದವು. ಅವನ್ನು ಬಾಡಿಗೆಗೆ ಕೊಟ್ಟೇ ಊರೂರಿನ ಲೈಬ್ರರಿಗಳು ಬದುಕಿದವು. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ 'ಕಸ್ತೂರಿ' ಜಗತ್ತಿನ ಸೋಜಿಗಗಳನ್ನು ಹಳ್ಳಿಯ ಶಾಲಾ ಮಾಸ್ತರರ ಮನೆಗೆ ತಂದಿತು. ಕಂಪನಿ ನಾಟಕಗಳಲ್ಲಿ ಟ್ರಿಕ್ ಸೀನ್ ಇದೆ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ಹಾಕಿದರೆ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಧಾರವಾಡದಲ್ಲಿ 2013ರಲ್ಲಿ ಗಿರಡ್ಡಿ ಗೋವಿಂದರಾಜರು ಸಾಹಿತ್ಯ ಸಂಭ್ರಮ ಶುರು ಮಾಡಿದಾಗಲೂ ಇಂಥದ್ದಕ್ಕೆಲ್ಲ ಜೈಪುರ, ಬೆಂಗಳೂರು ಸೈ ಎನ್ನುವ ಮಾತು ಇದ್ದೇ ಇತ್ತು. ಸಭಾಂಗಣ ತುಂಬಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಮುಂದಿನ ತಿಂಗಳು ಬಂದ ಗಣೇಶನ ಮಂಟಪಗಳಲ್ಲಿ ರಾಕೆಟ್ಟುಗಳೂ ಚಂದ್ರನ ಕುಳಿಗಳೂ ತುಂಬಿಹೋದವು. ಥರ್ಮೋಕೋಲು ಕೊರೆದು ಚಂದ್ರನನ್ನು ಮಾಡಿದ ಗಲ್ಲಿಯ ಹುಡುಗರಿಗೆ ಚಂದ್ರನ ಮೇಲಿನ ಕಥೆ ರುಚಿಸುವುದಿಲ್ಲ ಎಂದು ತೀರ್ಮಾನಿಸುವವರು ಆ ಹುಡುಗರನ್ನು ಒಮ್ಮೆಯೂ ಕೇಳಿ ನೋಡಿಲ್ಲ.

ಹೊರದೇಶದ ನಿದರ್ಶನಗಳೂ ಇದೇ ಹೇಳುತ್ತವೆ. ಅಮೆರಿಕದ ಅಯೋವಾ ರಾಜ್ಯದ ರಿವರ್‌ಸೈಡ್ ಸಾವಿರದಷ್ಟು ಜನರ ಊರು. ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಇಲ್ಲಿ ಮುಂದೆ ಹುಟ್ಟಲಿದ್ದಾನೆ ಎಂದು 1985ರಲ್ಲಿ ಊರವರೇ ಘೋಷಿಸಿಕೊಂಡು ಪ್ರತಿ ವರ್ಷ ಉತ್ಸವ ಮಾಡುತ್ತಿದ್ದಾರೆ. ಕೆನಡಾದ ವಲ್ಕನ್ ಎಂಬ ಊರಿಗೆ ಆ ಹೆಸರು ಬಂದದ್ದು ರೈಲು ಹಾಕಿದವರಿಂದ, ಸ್ಟಾರ್ ಟ್ರೆಕ್ ಹುಟ್ಟುವ ಎಷ್ಟೋ ಮೊದಲು. ಆ ಧಾರಾವಾಹಿಯ ಸ್ಪಾಕ್‌ನ ಗ್ರಹದ ಹೆಸರೂ ಅದೇ ಆಯಿತೆಂಬ ಒಂದೇ ನೆವದಿಂದ ಊರವರು ಆಕಾಶ ನೌಕೆಯ ಪ್ರತಿಕೃತಿ ನಿಲ್ಲಿಸಿದರು. ಸ್ಪಾಕ್‌ನ ಪಾತ್ರ ಮಾಡಿದ ಲಿಯೊನಾರ್ಡ್ ನಿಮಾಯ್ 2010ರಲ್ಲಿ ಸ್ವತಃ ಬಂದು ಹೋದ. ಸ್ಪೇನಿನ ಕಡಲತೀರದ ಪುಟ್ಟ ಊರು ಸಿಚೆಸ್ 1968ರಿಂದ ಅದ್ಭುತ ಸಿನಿಮಾಗಳ ಉತ್ಸವಕ್ಕೆ ಹೆಸರಾಗಿದೆ. ಸ್ವಿಟ್ಜರ್ಲೆಂಡಿನ ವಿಜ್ಞಾನ ಕಥೆಗಳ ಮ್ಯೂಸಿಯಂ ಇರುವುದು ಜಿನೀವಾದಲ್ಲಲ್ಲ, ಇವರ್ಡೊ ಎಂಬ ಊರಿನಲ್ಲಿ. ಇವರೆಲ್ಲರ ಬಂಡವಾಳ ಒಂದು ನೆವ. ಬೆಳಗಾವಿಗೆ ನೆವಗಳ ರಾಶಿಯೇ ಇದೆ. ಕಾರ್ಪೊರೇಶನ್ ಮಿತಿಯಲ್ಲಿ 2011ರ ಜನಗಣತಿಗೇ ನಾಲ್ಕು ಲಕ್ಷ 88 ಸಾವಿರ ಜನ. ಖಾನಾಪುರ ರಸ್ತೆಯ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ. ಉದ್ಯಮಬಾಗದ ತುಂಬ ಎರಕದ ಫೌಂಡ್ರಿಗಳು. ಹತ್ತರಗಿಯಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆಗಳು. ಆಕಾಶಕ್ಕೆ ಹೋಗುವ ಲೋಹವನ್ನು ಹಗಲೆಲ್ಲ ಕೊರೆಯುವ ಊರಿಗೆ ಆಕಾಶದ ಕಥೆ ಹೊಂದುವುದಿಲ್ಲವಂತೆ.

ಅನುದಾನ, ಮಂತ್ರಿಗಳ ಸಮಯ, ಸ್ವಾಗತ ಕಮಾನು ಯಾವುದೂ ಮೊದಲ ವರ್ಷಕ್ಕೆ ಬೇಡ. ನೆಹರೂ ನಗರದ ಕುಮಾರ ಗಂಧರ್ವ ರಂಗಮಂದಿರ ಬಾಡಿಗೆಗೆ ಸಿಕ್ಕರೆ ದೊಡ್ಡದಾಯಿತು, ಸಿಗದಿದ್ದರೆ ರಾಮತೀರ್ಥ ನಗರದ ಒಂದು ಸಮುದಾಯ ಭವನ ಸಾಕು. ಮೊದಲ ದಿನ ಬೆಳಿಗ್ಗೆ ಖಾನಾಪುರದ ಬಾವಲಿಯ ಬಗ್ಗೆ ಅರಣ್ಯ ಇಲಾಖೆಯವರು ಮಾತಾಡಲಿ, ಆಮೇಲೆ ಅದನ್ನಿಟ್ಟುಕೊಂಡು ಹುಡುಗರು ಕಥೆ ಹೆಣೆಯಲಿ. ಮಧ್ಯಾಹ್ನ ಒಂದು ಬದಿಗೆ ವೈಮಾನಿಕ ಶಾಸ್ತ್ರದ ಶ್ಲೋಕ ಓದುವ ಸಂಸ್ಕೃತದ ವಿದ್ವಾಂಸರು, ಇನ್ನೊಂದು ಬದಿಗೆ 1974ರ ವರದಿ ಹಿಡಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೂತು ಆ ವಿಮಾನಗಳನ್ನು ಹಾರಿಸಲಿ, ಬೀಳಿಸಲಿ. ರಾತ್ರಿ ಪಾರಿಜಾತ. ಮರುದಿನ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕಥೆಗಳ ಓದು. ಎಲ್ಲಕ್ಕೂ ಮೊದಲು, ಆರು ತಿಂಗಳ ಮುಂಚೆ, ಕಥಾ ಸ್ಪರ್ಧೆಯ ಪ್ರಕಟಣೆ ಹೊರಡಬೇಕು. ಕೊಲ್ಹಾಪುರದ ಆ ವಿಜ್ಞಾನಿಯ ಹಾಗೆ ಬೇರೆ ಹೆಸರಿನಲ್ಲಿ ಕಳಿಸಲು ಅವಕಾಶ ಇರಬೇಕು, ಹೆಸರು ಗುಟ್ಟಾಗಿ ಉಳಿಯುತ್ತದೆ ಎಂಬ ಭರವಸೆ ಪ್ರಕಟಣೆಯಲ್ಲೇ ಇರಬೇಕು. ಹಬ್ಬ ಬೇಡ ಎಂದು ಸಂಜೆ ಹರಟೆಯಲ್ಲಿ ವಾದಿಸುವ ನಿವೃತ್ತ ಪ್ರಾಧ್ಯಾಪಕರಿಂದಲೂ ಒಂದೆರಡು ಲಕೋಟೆ ಬಂದಾವು.